ತಾರೀಖು ಓದುತ್ತಿದ್ದ ಶಿವಲಕ್ಷ್ಮಿ

ಶಿವಲಕ್ಷ್ಮಿಯ ಹೆಸರನ್ನು ನಾನು ಮೊದಲು ಕೇಳಿದ್ದು ನಮ್ಮ ಯಜಮಾನರ ಹನ್ನೊಂದನೇ ದಿನದ ಕಾರ್ಯದಂದು. ಬೇಗೂರಿನ ನಮ್ಮ ಮನೆ ತುಂಬ ನೆಂಟರು. ಪಕ್ಕದ ಮನೆಯ ಮಂಗಳಗೌರಿ ನನ್ನ ಕಿವಿಯ ಹತ್ತಿರ ಬಗ್ಗಿ, "ಅಕ್ಕ, ಮಾರಯ್ಯನ ಮಗಳು ಶಿವಲಕ್ಷ್ಮಿ ಅಂತೆ, ಗುಂಡ್ಲುಪೇಟೆಯಿಂದ ಸ್ಕೂಟರಲ್ಲಿ ಪಾರ್ಸಲ್ ತಂದವ್ಳೆ. ಬಾವನ ಹೆಸರಲ್ಲಿ ಬಂದದೆ" ಅಂದಳು.

ಯಜಮಾನರು ಮೊಬೈಲಿನಲ್ಲಿ ಒತ್ತಿ ಟಾರ್ಚು, ಛತ್ರಿ ತರಿಸುತ್ತಿದ್ದವರು. ಇದನ್ನೂ ತರಿಸಿರಬೇಕು ಅಂದುಕೊಂಡೆ. ಅವರ ಹೆಸರಲ್ಲಿ ಬಂದದ್ದನ್ನು ಆ ದಿನ ಬಾಗಿಲಿಂದ ಹೇಗೆ ಕಳಿಸುವುದು? ಕೇಳಿದಷ್ಟು ದುಡ್ಡು ಕೊಡಿಸಿದೆ. ನೆಂಟರು ಹೋದ ಮೇಲೆ ಬಿಚ್ಚಿದರೆ ಓಡದ ಒಂದು ಗಡಿಯಾರ, ಸುತ್ತ ಹಳೇ ಬಟ್ಟೆ ಚೂರು. ಅದನ್ನೇ ಅವರ ಫೋಟೋ ಪಕ್ಕ ಇಟ್ಟೆ. ಅಳು ಬರಲಿಲ್ಲ.

ಎರಡು ತಿಂಗಳಿಗೆ ಇನ್ನೊಂದು ಬಂತು. ಆಗ ಅವಳ ಮುಖ ನೋಡಿದ್ದು. ಮೂವತ್ತು ದಾಟಿದ ಹೆಂಗಸು, ತಲೆಗೆ ಸುತ್ತಿದ ಬಟ್ಟೆಯ ಮೇಲೆ ಹೆಲ್ಮೆಟ್ಟು.

"ಪುಟ್ಟಬಸಪ್ಪನವರು ಮನೇಲಿ ಅವ್ರಾ?"

ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಕತ್ತು ಆಡಿಸಿ ಕೈ ಚಾಚಿದೆ. ಅವಳು ಒಳಗಿನ ಫೋಟೋ ನೋಡಿದಳು, ಅದರ ಹಾರ ನೋಡಿದಳು, ಡಬ್ಬಿ ತಿರುಗಿಸಿ ತಾರೀಖು ಓದಿದಳು.

"ಅವ್ವ, ಅವರು ತೀರ್ಕಂಡು ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ಇದು ಬುಕ್ ಆಗಿರೋದು ಹೋದ ವಾರ. ಯಾರೋ ಹೆಸರು, ಅಡ್ರೆಸ್ಸು ಎತ್ಕಂಡು ಸುಮ್ಸುಮ್ನೆ ಕಳಿಸ್ತಾವ್ರೆ. ದುಡ್ಡು ಕೊಡಬ್ಯಾಡಿ."

"ಇರಲಿ, ಕೊಟ್ಬುಡು ಕಣಮ್ಮಿ."

ಅವಳು ಕೊಡಲಿಲ್ಲ. ಚೀಲಕ್ಕೆ ಹಾಕಿಕೊಂಡು ಹೊರಟಳು. ನಾನು ಒಳಗೆ ಬಂದು ಕೂತೆ. ಒಲೆಯ ಮೇಲೆ ಇಟ್ಟಿದ್ದ ಹಾಲು ಸೀದುಹೋಯಿತು.

ಆಮೇಲೆ ನಮ್ಮ ಬೀದಿಗೆ ಬಂದಾಗಲೆಲ್ಲ ನೀರು ಕೇಳಿ ಜಗಲಿಯಲ್ಲಿ ಕೂರುತ್ತಿದ್ದಳು. ಮೊದಲು ಚೆಂಡುಹೂವಿನ ಹೊಲಗಳಲ್ಲಿ ಹೂ ಬಿಡಿಸುತ್ತಿದ್ದಳಂತೆ. ಗಿಡಕ್ಕೆ ಹೊಡೆಯುವ ಔಷಧಿಗೆ ಕೈಯೆಲ್ಲ ಬೊಬ್ಬೆ ಎದ್ದ ಮೇಲೆ ಸ್ಕೂಟರ್ ಕಲಿತು ಈ ಕೆಲಸಕ್ಕೆ ಸೇರಿದಳು. ಮಂಗಳಗೌರಿಗೆ ಯಾರೋ ಫೋನು ಮಾಡಿ, ನೀವು ತರಿಸಿದ ಸೀರೆ ದುಡ್ಡು ವಾಪಸ್ ಕೊಡ್ತೀವಿ, ಮೊಬೈಲಿಗೆ ಬಂದ ನಂಬರ್ ಹೇಳಿ ಅಂದಾಗ ಫೋನು ಕಿತ್ತುಕೊಂಡು ಆರಿಸಿದವಳು ಇವಳೇ.

"ಫೋನಲ್ಲಿ ನಾನೇ ಕೇಳಿದ್ರೂ ಆ ನಂಬರ್ ಹೇಳ್ಬ್ಯಾಡಿ ಕಣಕ್ಕ."

"ನೀನು ಪಾರ್ಸಲ್ ಕೊಡಕ್ಕೆ ಬತ್ತಿಯೋ, ಬ್ಯಾಡ ಅನ್ನಿಸಕ್ಕೆ ಬತ್ತಿಯೋ?" ಅಂದಳು ಮಂಗಳಗೌರಿ.

"ಕೊಟ್ರೆ ಸಂಬಳ. ಬ್ಯಾಡ ಅನ್ಸಿದ್ರೆ ಆಫೀಸಲ್ಲಿ ಬೈಗುಳ."

ಹೋದ ಸೋಮವಾರ ಮೂರನೇ ಡಬ್ಬಿ ಹಿಡಿದು ಬಂದಳು. ಜಗಲಿ ಹತ್ತಲಿಲ್ಲ, ನೀರು ಕೇಳಲಿಲ್ಲ.

"ಅವ್ವ, ನಾಳೆಯಿಂದ ನನ್ನ ಚಾಮರಾಜನಗರಕ್ಕೆ ಹಾಕವ್ರೆ, ಪುಣಜನೂರು ಕಡೆಗೆ. ಇಲ್ಲಿಗೆ ಬರೋರು ತಾರೀಖು ಓದಕಿಲ್ಲ. ಕೊಟ್ಟು, ದುಡ್ಡಿಸ್ಕಂಡು ಹೊಂಟೋಯ್ತರೆ."

ನಾನು ಡಬ್ಬಿಯನ್ನೇ ನೋಡುತ್ತಿದ್ದೆ. ಅಕ್ಷರ ಇಂಗ್ಲಿಷು, ನನಗೆ ಓದಲು ಬಾರದು. ಆದರೂ ಅದು ಅವರ ಹೆಸರು. ಕೈ ತಾನಾಗಿ ಮುಂದೆ ಹೋಯಿತು.

ಅವಳು ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದಳು.

"ಒಂದ್ಸಲ ನನ್ನ ಮುಂದೆ ಹೇಳ್ಬುಡಿ ಅವ್ವ. ಪುಟ್ಟಬಸಪ್ಪನವರು ಇಲ್ಲ, ನಮಗೆ ಬ್ಯಾಡ ಅಂತ. ಹೇಳ್ತೀರಾ?"