ಫರಸಿಯ ಪಿಯಾನೊ

ನಮ್ಮಪ್ಪ ಶಹಾಬಾದಿನ ಗೌಂಡಿ. ನೆಲಕ್ಕೆ ಫರಸಿ ಕಲ್ಲು ಹಾಕುವುದರಲ್ಲಿ ತನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಅವನ ನಂಬಿಕೆ. ಚಿತ್ತಾಪುರದಿಂದ ಚಿಂಚೋಳಿಯವರೆಗೆ ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತಾನೆ, ಆಮೇಲೆ ಮನುಷ್ಯರನ್ನು. ಬೆರಳ ಗೆಣ್ಣಿನಿಂದ ಕಲ್ಲಿಗೆ ಎರಡು ಸಲ ಬಡಿಯುತ್ತಾನೆ. ಕೆಳಗೆ ಪೊಳ್ಳಿದ್ದರೆ ಚಹಾದ ಕಪ್ಪು ಕೈಯಲ್ಲಿರುವಾಗಲೇ ಹೇಳಿಬಿಡುತ್ತಾನೆ. ಬೀಗರ ಮನೆಯಲ್ಲೂ ಹೇಳಿದ್ದಾನೆ.

ನಾನು ಪಿಯಾನೊ ಕಲಿತದ್ದೂ ನೆಲದ ದೆಸೆಯಿಂದಲೇ. ನನಗೆ ಒಂಬತ್ತು ವರ್ಷವಿದ್ದಾಗ ವಾಡಿಯಲ್ಲಿ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರ ಮನೆಗೆ ಅಪ್ಪ ಫರಸಿ ಹಾಕುತ್ತಿದ್ದ. ಮೂಲೆಯಲ್ಲಿದ್ದ ಹಳೆಯ ಪಿಯಾನೊವನ್ನು ಸರಿಸುವಾಗ ಅದು ಗುಂಯ್ ಎಂದಿತು. ಬುತ್ತಿ ಕೊಡಲು ಹೋಗಿದ್ದ ನಾನು ಅದರ ಮುಂದೆ ಕೂತವಳು ಏಳಲಿಲ್ಲ. ಗಾರ್ಡ್ ಅವರ ಹೆಂಡತಿ, ನಮ್ಮ ಮೇಡಂ, ನಕ್ಕು ಪ್ರತಿ ಭಾನುವಾರ ಬಾ ಎಂದರು. ಪ್ಯಾಸೆಂಜರ್ ಗಾಡಿ ಹತ್ತಿ ಹೋಗತೊಡಗಿದೆ.

ಮನೆಯಲ್ಲಿ ಅಭ್ಯಾಸಕ್ಕೆ ಪಿಯಾನೊ ಎಲ್ಲಿಂದ ತರುವುದು? ಅಪ್ಪ ಟೇಪು ಹಿಡಿದು ಮೇಡಂ ಮನೆಯ ಪಿಯಾನೊ ಅಳೆದುಕೊಂಡು ಬಂದ. ಉದ್ದನೆಯ ಫರಸಿಯೊಂದನ್ನು ಆರಿಸಿ, ಉಳಿಯಿಂದ ಗೆರೆ ಕೊರೆದು ಕೀಗಳನ್ನು ಮಾಡಿ, ಕರಿ ಕೀಗಳಿಗೆ ಬಣ್ಣ ಬಳಿದು, ಕಿಟಕಿಯ ಕೆಳಗೆ ಕಟ್ಟೆಯ ಮೇಲೆ ಕೂರಿಸಿದ. ನಾನು ಒಂದು ತಿಂಗಳು ಅದರ ಮೇಲೆ ಬೆರಳು ಸವೆಸಿದೆ. ವಾಡಿಗೆ ಹೋದರೆ ಮಾತ್ರ ನನ್ನ ಬೆರಳುಗಳು ದಾರಿ ತಪ್ಪುತ್ತಿದ್ದವು. ಅನುಮಾನ ಬಂದ ಮೇಡಂ ಒಂದು ದಿನ ನಮ್ಮ ಮನೆಗೇ ಬಂದು ನೋಡಿದರು.

ಪಿಯಾನೊದ ಕರಿ ಕೀಗಳು ಎರಡು, ಮೂರು, ಎರಡು, ಮೂರು ಎಂದು ಗುಂಪಾಗಿರುತ್ತವೆ. ನಡುವೆ ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗದಲ್ಲೆಲ್ಲ ಅಪ್ಪ ಒಂದೊಂದು ಕರಿ ಕೀ ಸೇರಿಸಿದ್ದ.

“ಮೇಡಂರ, ನಿಮ್ಮ ಪಿಯಾನೊ ಮಾಡ್ದಾಂವ ನಡುನಡುವ ಮರ್ತು ಬಿಟ್ಟಾನ್ರಿ. ನಾ ಲೈನ್ ಬರೋಬರಿ ಮಾಡೀನಿ,” ಎಂದ, ಹೊಗಳಿಕೆಗೆ ಕಾದು ನಿಂತು.

ಮೇಡಂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಪ್ಪ ಎರಡು ದಿನ ಆ ಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೇ ದಿನ ಕಲ್ಲನ್ನು ಬೋರಲು ಹಾಕಿ, ಹಿಂಬದಿಯಲ್ಲಿ ಹೊಸದಾಗಿ ಕೊರೆದ. ಅಪ್ಪ ತಿದ್ದಿದ ಪಿಯಾನೊ ಈಗಲೂ ಅಡಿಯಲ್ಲಿದೆ.

ಒಂಬತ್ತು ವರ್ಷ ನಾನು ನುಡಿಸಿದ್ದು ಆ ಕಲ್ಲಿನ ಮೇಲೆ. ಸ್ವರವೆಲ್ಲ ನನ್ನ ತಲೆಯೊಳಗೆ. ಕೆಲಸದಿಂದ ಬಂದ ಅಪ್ಪ ಚಹಾ ಹಿಡಿದು ಎದುರಿಗೆ ಕೂತು ನನ್ನ ಕೈ ನೋಡುತ್ತಿದ್ದ.

“ಕಲ್ಲಿನ್ಯಾಗ ಏನ್ ಕೇಳಸ್ತದೋ ಇವರಿಗಿ!” ಎಂದು ಅವ್ವ ಒಳಗಿನಿಂದ ಛೇಡಿಸುತ್ತಿದ್ದಳು.

ಮುಂದೆ ಮುಂಬೈಯಲ್ಲಿ ಕಲಿತೆ, ದೇಶ ವಿದೇಶದ ಸಭೆಗಳಲ್ಲಿ ನುಡಿಸಿದೆ. ನಮ್ಮ ಓಣಿಯಲ್ಲಿ ಮಾತ್ರ ನಾನು ಇಂದಿಗೂ ದೊಡ್ಡ ಪೆಟ್ಟಿಗೆ ಬಾರಿಸುವ ಹುಡುಗಿ. ಅಪ್ಪನನ್ನು ಕಛೇರಿಗೆ ಕರೆದರೆ, “ಅಲ್ಲಿ ಎಲ್ಲಾ ಟೈಲ್ಸ್ ಇರ್ತಾವ, ನನಗ ನೋಡ್ಲಿಕ್ಕಾಗಲ್ಲ,” ಎನ್ನುತ್ತಿದ್ದ. ನಾನೂ ನಕ್ಕು ಬಿಟ್ಟುಬಿಡುತ್ತಿದ್ದೆ. ಅಷ್ಟರಲ್ಲಿ ಕಲ್ಲು ಕೊಯ್ಯುವ ಮಷಿನ್ನಿನ ಸದ್ದು ಅವನ ಕಿವಿ ತಿಂದುಹಾಕಿತು. ಒತ್ತಾಯ ಮಾಡಿ ಕರೆದೊಯ್ಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಅಪ್ಪ ಒಮ್ಮೆಯಾದರೂ ನನ್ನ ಪಿಯಾನೊ ಪೂರ್ತಿ ಕೇಳಬೇಕಿತ್ತು.

ಹೋದ ವರ್ಷ ನಮ್ಮ ಕಡೆಯವರೇ ಆದ ಸೇಡಂನವರು ಕಛೇರಿಗೆ ಕರೆದರು. ಹೈದರಾಬಾದಿನಿಂದ ಲಾರಿಯಲ್ಲಿ ಪಿಯಾನೊ ಬಂತು, ಇಳಿಸಿದ ಕೂಡಲೇ ಅದಕ್ಕೆ ಹಾರ ಬಿತ್ತು. ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಕಿವಿಯ ಮಷಿನ್ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತ. ನಾನು ಮೂರು ಭಾಗಗಳ ಒಂದು ಕೃತಿ ಆರಿಸಿದ್ದೆ, ಕಲ್ಲಿನ ಮೇಲೆ ಅತಿ ಹೆಚ್ಚು ನುಡಿಸಿದ್ದು ಅದನ್ನೇ. ಶುರು ಮಾಡಬೇಕು, ಅಪ್ಪನ ಮಷಿನ್ ಕುಂಯ್ ಎಂದಿತು. ಅವನು ಅದನ್ನು ಕಿತ್ತು ಜೇಬಿಗಿಟ್ಟುಬಿಟ್ಟ. ನನಗೆ ಅಳು ಬಂತು. ಆದರೂ ನುಡಿಸಿದೆ.

ಎರಡನೇ ಭಾಗ ಮುಗಿಸಿ ಕೈ ತೊಡೆಯ ಮೇಲಿಟ್ಟು ಕ್ಷಣ ಸುಮ್ಮನೆ ಕೂತೆ. ಕಛೇರಿ ಮುಗಿಯಿತೆಂದು ಚಪ್ಪಾಳೆ ಎದ್ದಿತು. ಸಂಘಟಕರು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ವೇದಿಕೆ ಹತ್ತಿಯೇ ಬಿಟ್ಟರು. ಒಬ್ಬರು ನನ್ನ ತಲೆಗೆ ಪೇಟ ತೊಡಿಸುವುದರಲ್ಲಿದ್ದರು.

“ಏ ತಡೀರಿ!” ಕಿವಿ ಕೇಳದವರ ದೊಡ್ಡ ದನಿಯಲ್ಲಿ ಅಪ್ಪ ಎದ್ದು ನಿಂತಿದ್ದ. “ಇನ್ನಾ ಮುಗದಿಲ್ರಿ! ಎಡಗೈ ಬಲಗೈ ಮ್ಯಾಲಿಂದ ದಾಟೋದು ಬಾಕಿ ಅದ. ಕುಂದ್ರಿ!”

ಸಭೆಯೆಲ್ಲ ಕೂತಿತು, ಶಾಲು ಹಿಡಿದವರೂ ಕೂತರು. ನಾನು ಮೂರನೇ ಭಾಗ ನುಡಿಸಿದೆ. ಕೊನೆಯಲ್ಲಿ ಎಡಗೈ ಬಲಗೈಯನ್ನು ದಾಟಿದಾಗ ಓರೆಗಣ್ಣಿನಿಂದ ನೋಡಿದೆ. ಅಪ್ಪ ಪಕ್ಕದವರಿಗೆ ಬೆರಳು ಮಾಡಿ ತೋರಿಸುತ್ತಿದ್ದ.

ಸನ್ಮಾನವೆಲ್ಲ ಮುಗಿದ ಮೇಲೆ ಅವನ ಕಿವಿಗೆ ಬಾಯಿ ಹಚ್ಚಿ ಕೇಳಿದೆ: “ಯಪ್ಪಾ, ಮಷಿನ್ ತಗದಿಟ್ಟಿದ್ದಿ. ಮುಗದಿಲ್ಲ ಅಂತ ಹ್ಯಾಂಗ ಗೊತ್ತಾಯ್ತು?”

“ಮನ್ಯಾಗ ಯಾವಾಗ ಕೇಳಿಸಿತ್ತು ಯವ್ವಾ? ಅಲ್ಲೂ ಕೈನೇ ನೋಡ್ತಿದ್ದೆ,” ಎಂದ. ನನ್ನ ಮುಖ ನೋಡಿ ಗಾಬರಿಯಾದ. “ಯಾಕ ಅಳ್ಳಿಕತ್ತಿ? ಎಲ್ಲೂ ಪೊಳ್ಳಿದ್ದಿಲ್ಲ.”