ಡಾಕ್ಟರಬಾಯಿಗೆ ಹೇಳಬೇಕಾದ ಮಾತು

ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಅಕ್ಕನನ್ನು ಗದಗಿನ ಹೆಣ್ಣುಮಕ್ಕಳ ದವಾಖಾನೆಗೆ ತೋರಿಸುವುದೆಂದಾಯಿತು. ಅವಳ ಅತ್ತೆಯೇ ಅವಳನ್ನು ಕರೆದುಕೊಂಡು ಸೂಡಿಯಿಂದ ಹಿಂದಿನ ದಿನ ಗಜೇಂದ್ರಗಡದ ನಮ್ಮ ಮನೆಗೆ ಬಂದಿಳಿದರು. ಅಲ್ಲಿಯ ಡಾಕ್ಟರಬಾಯಿಯ ಮುಂದೆ ಬಾಯಿ ಬಿಡಲು ಅಕ್ಕನಿಗೆ ಭಯ.

ಊರವರನ್ನೆಲ್ಲ ಅಣಕಿಸಿ ಬೈಸಿಕೊಳ್ಳುವುದು ಆಗ ನನ್ನ ಉದ್ಯೋಗ. ಬೇರೆ ಉದ್ಯೋಗವನ್ನು ಯಾರೂ ಕೊಟ್ಟಿರಲಿಲ್ಲ. ಅಕ್ಕನ ಭಯ ಬಿಡಿಸಲು ನಾನೇ ಡಾಕ್ಟರಬಾಯಿಯಾದೆ; ಹಿತ್ತಲಲ್ಲಿ ಅವ್ವನ ಹಳೆಯ ಸೀರೆ ಹೊದ್ದು, ಮೂಗಿನ ಮೇಲೆ ಅಪ್ಪನ ಚಾಳೀಸು ಏರಿಸಿ, ದನಿ ಸಣ್ಣ ಮಾಡಿ ಕೇಳಿದೆ: "ಏನವಾ, ಏನ ತ್ರಾಸ ಐತಿ? ನಾಚಬ್ಯಾಡ, ನಾನೂ ಹೆಣಮಗಳ."

"ಮೀಸಿ ಬಂದಾವಲ್ರಿ ಬಾಯಾರ!" ಎಂದು ಅಕ್ಕ ನಕ್ಕಳು. ಆಮೇಲೆ ತಲೆ ತಗ್ಗಿಸಿದಳು. "ತಿಂಗಳಾತ್ರಿ, ರಕ್ತ ಹೋಗೂದು ನಿಂತಿಲ್ಲ. ಎದ್ದ ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ. ನಮ್ಮತ್ತೀಗೆ ಗೊತ್ತಾದ್ರ ಮಗಗ ಇನ್ನೊಂದ ಮದುವಿ ಮಾಡತಾರ್ರಿ."

ನನ್ನ ದನಿ ತಾನಾಗಿಯೇ ಗಂಡಸಿನದಾಯಿತು. "ಅಕ್ಕಾ, ನಾಳೆ ಅಲ್ಲೆ ಹಿಂಗ ಹೇಳಬೇ" ಎಂದೆ.

ಮರುದಿನ ಸಂಜೆ ಬಸ್ಸಿನಿಂದ ಇಳಿದ ಅತ್ತೆಯ ಕೈಯಲ್ಲಿ ಟಾನಿಕ್ಕಿನ ಬಾಟಲಿಯಿತ್ತು. "ಮಕ್ಕಳಾಗಾಕ ಕೊಟ್ಟಾರ. ಭಾಳ ಶಾಣ್ಯಾ ಡಾಕ್ಟರಬಾಯಿ!" ಎಂದು ಓಣಿಗೆಲ್ಲ ಕೇಳುವಂತೆ ಹೊಗಳಿದರು.

ಅಕ್ಕನನ್ನು ಹಿತ್ತಲಿಗೆ ಕರೆದು ಕೇಳಿದೆ: "ಹೇಳಿದೇನಬೇ?"

"ಅತ್ತಿ ನನ್ನ ಕೈ ಬಿಡಲೇ ಇಲ್ಲೋ. ಬಾಯಾರು ಏನ ಕೇಳಿದ್ರೂ ಅತ್ತೀನ ಹೇಳಿದ್ರು. ನಾ ಬರೇ ಹೂಂ ಅಂದ್ನಿ."

ಒಳಗಿನಿಂದ ಅತ್ತೆ ಕೂಗಿದರು: "ಲಗೂ ಬಾರವಾ, ಔಷಧ ಕುಡಿ!"

ಅಕ್ಕ ಗೋಡೆ ಹಿಡಿದುಕೊಂಡು ಒಳಗೆ ಹೋದಳು.