ಎಡಗಡೆ ಸೀಟಿಗೆ ಬಾರದ ಬಿಸಿ

ಮೊನ್ನೆ ಗ್ಯಾರೇಜಿಗೆ ಬಂದ ಕಾರೊಂದರ ಕಾಲಡಿಯ ಕಾರ್ಪೆಟ್ ಎತ್ತಿದೆ. ನೆಂದ ನಾರು, ತುಕ್ಕುನೀರು, ಬಿಸಿ ರಬ್ಬರು ಸೇರಿದ ವಾಸನೆ ಮೂಗಿಗೆ ಬಡಿಯಿತು. ಹಾಗೇ ಕೂತುಬಿಟ್ಟೆ... ಹಿಂದೊಮ್ಮೆ ಜಯನಗರದ ಯಜಮಾನರೊಬ್ಬರ ಕಾರು ಇದೇ ವಾಸನೆ ಹೊತ್ತು ನನ್ನ ಹತ್ತಿರ ಬಂದಿತ್ತು.

ಎಪ್ಪತ್ತರ ದಶಕದ ಕೊನೆ. ಬನಶಂಕರಿಯಲ್ಲಿ ನನ್ನದೇ ಶೆಡ್ಡು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ನನ್ನ ಕೈಯಲ್ಲಿ ಆಗದ ಕೆಲಸವಿಲ್ಲ ಎಂಬ ಜಂಬವಿತ್ತು. ಯಜಮಾನರದು ಎರಡೇ ಸೀಟಿನ, ಬಟ್ಟೆ ಟಾಪಿನ ಹಳೇ ಇಂಗ್ಲೆಂಡ್ ಕಾರು. ಅದರ ಹೀಟರ್ ಕೋರ್, ಅಂದರೆ ಹೀಟರಿನೊಳಗಿನ ಪುಟ್ಟ ರೇಡಿಯೇಟರು, ತೂತಾಗಿ ಇಂಜಿನ್ ನೀರು ಕಾಲಡಿಗೆ ಸೋರುತ್ತಿತ್ತು. ಬೆಂಗಳೂರಲ್ಲಿ ಹೀಟರ್ ಯಾರಿಗೆ ಬೇಕು ಸಾರ್ ಎಂದು ನಕ್ಕೆ. ಅವರು ನಗಲಿಲ್ಲ. ಹೆಂಡತಿಗೆ ಕಾಯಿಲೆ, ಸದಾ ಚಳಿ ಚಳಿ ಅನ್ನುತ್ತಾಳೆ, ಆದರೂ ಒಂದು ಬೆಳಗ್ಗೆ ಮೊದಲಿನಂತೆ ಕನಕಪುರ ರಸ್ತೆಯಲ್ಲಿ ಸುತ್ತಿಬರುವ ಆಸೆ ಅವಳಿಗೆ ಎಂದರು. ಆಗ ಡಿಸೆಂಬರ್.

ಕೋರ್ ಬದಲಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು. ಅಂಥದ್ದನ್ನು ನಾನು ಯಾವತ್ತೂ ಇಳಿಸಿರಲಿಲ್ಲ. ಬರಲ್ಲ ಎನ್ನಲು ನಾಲಗೆ ಏಳಲಿಲ್ಲ. ಹೀಟರಿನ ಎರಡೂ ಪೈಪುಗಳನ್ನು ಬಿಚ್ಚಿ ಒಂದಕ್ಕೊಂದು ಸೇರಿಸಿ ಕ್ಲಿಪ್ಪು ಹಾಕಿದೆ. ಸೋರುವುದು ನಿಂತಿತು. ಹೀಟರಿಗೆ ಬಿಸಿನೀರು ಹೋಗುವುದೂ ನಿಂತಿತು. ಹೊಸದು ಹಾಕಿದ್ದೇನೆ, ಗಾಡಿ ಕಾದ ಮೇಲೆ ಬಿಸಿ ಬರುತ್ತೆ ಎಂದು ಹೇಳಿ ಕಳಿಸಿದೆ.

ಹತ್ತು ದಿನ ಬಿಟ್ಟು ಬ್ಯಾಟರಿ ನೋಡಲು ಮನೆಗೆ ಕರೆದರು. ಕಾರಿನ ಎಡಗಡೆ ಸೀಟಿನ ಮುಂದೆ, ಕಾಲಿಡುವಲ್ಲಿ, ಬಿಸಿನೀರು ತುಂಬುವ ರಬ್ಬರ್ ಚೀಲ ಬಿದ್ದಿತ್ತು. ಅದನ್ನೇ ನೋಡುತ್ತ ನಿಂತೆ.

"ಬಿಸಿ ಬರ್ಲಿಲ್ಲ ಮೇಸ್ತ್ರಿ," ಎಂದರು ಯಜಮಾನರು. "ಅವಳಿಗೆ ಹೇಳ್ಲಿಲ್ಲ. ಮೊನ್ನೆ ಸುತ್ತೋಕೆ ಹೊರಟಾಗ ಕಾಲ ಹತ್ರ ಶಾಲಿನೊಳಗೆ ಇದನ್ನಿಟ್ಟಿದ್ದೆ. ಹೀಟರ್ ಅಂತಾನೇ ಅಂದ್ಕೊಂಡ್ಲು. ನಿಮ್ಮ ಮೇಸ್ತ್ರಿ ಕೈ ಚೆನ್ನಾಗಿದೆ ಕಣ್ರೀ ಅಂದ್ಲು. ವಸಂತಪುರದ ಹತ್ರ ಹೋಗೋಷ್ಟ್ರಲ್ಲಿ ಚೀಲ ಆರೋಯ್ತು. ನಡುಗೋಕೆ ಶುರು ಮಾಡಿದ್ಲು, ವಾಪಸ್ ಬಂದ್ವಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ...

ಇನ್ನೊಂದ್ಸಲ ನೋಡ್ತೀನಿ ಸಾರ್ ಎಂದು ಅವತ್ತೇ ಕಾರು ತಂದೆ. ಒಂದೊಂದು ವೈರಿಗೂ ಒಂದೊಂದು ಬಣ್ಣದ ಬಟ್ಟೆ ಚೂರು ಕಟ್ಟಿ ಗುರುತಿಟ್ಟುಕೊಂಡು ಡ್ಯಾಶ್‌ಬೋರ್ಡ್ ಇಳಿಸಿದೆ. ಕಲಾಸಿಪಾಳ್ಯದಲ್ಲಿ ರೇಡಿಯೇಟರ್ ಬೆಸುಗೆ ಹಾಕುವವರನ್ನು ಕಾಡಿಬೇಡಿ ಹಿತ್ತಾಳೆಯ ಕೋರ್ ಮಾಡಿಸಿದೆ. ಒಂಬತ್ತು ದಿನ ಹಿಡಿಯಿತು. ಗುಂಡಿ ತಿರುಗಿಸಿದರೆ ಕಾಲು ಸುಡುವಷ್ಟು ಬಿಸಿ. ಬೆಳಗ್ಗೆಯೇ ಓಡಿಸಿಕೊಂಡು ಹೋದೆ. ಅವರ ಮನೆ ಮುಂದೆ ಬೆರಣಿ ಬೆಂಕಿ ಹೊಗೆಯಾಡುತ್ತಿತ್ತು. ಆಕೆ ನಸುಕಿನಲ್ಲಿ ತೀರಿಕೊಂಡಿದ್ದರು. ಕಾರನ್ನು ಹಾಗೇ ಹಿಂದಕ್ಕೆ ತಂದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಯಜಮಾನರು ಶೆಡ್ಡಿಗೆ ಬಂದರು. ಎಡಗಡೆ ಸೀಟು ತೋರಿಸಿ, ಕೂತ್ಕೋ ಎಂದರು. ಕನಕಪುರ ರಸ್ತೆಯಲ್ಲಿ ವಸಂತಪುರ ದಾಟಿದ ಮೇಲೆ ಅವರು ಹೀಟರಿನ ಗುಂಡಿ ತಿರುಗಿಸಿದರು.

"ಕಾಲಿಗೆ ಬರ್ತಿದೆಯಾ?"

"ಬರ್ತಿದೆ ಸಾರ್."

"ಎಲ್ಲೀವರೆಗೆ ಬರ್ತಿದೆ?"

"ಮೊಣಕಾಲಿನವರೆಗೂ."

ರಸ್ತೆ ನೋಡುತ್ತಲೇ ತಲೆಯಾಡಿಸಿದರು.

ಪೈಪು ಸೇರಿಸಿ ಸುಳ್ಳು ಹೇಳಿದ್ದನ್ನು ಅವತ್ತೂ ಬಾಯಿಬಿಡಲಿಲ್ಲ. ಅವರಿಗೆ ಗೊತ್ತಿತ್ತೋ ಏನೋ, ಕೇಳಲಿಲ್ಲ. ಈಗ ಅವರೂ ಇಲ್ಲ, ಕಾರು ಯಾರ ಕೈ ಸೇರಿತೋ ತಿಳಿಯದು. ಈ ಕೆಲಸ ನನಗೆ ಗೊತ್ತಿಲ್ಲ ಸಾರ್ ಎಂದಿದ್ದರೆ ಅವರು ಬೇರೆ ಮೇಸ್ತ್ರಿಯ ಹತ್ತಿರ ಹೋಗುತ್ತಿದ್ದರು. ನನಗೆ ಒಬ್ಬ ಗಿರಾಕಿ ಕಮ್ಮಿಯಾಗುತ್ತಿತ್ತು, ಅಷ್ಟೇ. ಆಕೆ ವಸಂತಪುರ ದಾಟಿರುತ್ತಿದ್ದರು.